ಬೀಟಲ್ಸ್ ಆರಂಭದ ದಿನಗಳ ಡಾಕ್ಯುಮೆಂಟರಿ ನೋಡುವಾಗ ಏನನ್ನು ಗಮನಿಸಬೇಕು?

ಹ್ಯಾಂಬರ್ಗ್ ಭಾಗವನ್ನು ದಯವಿಟ್ಟು ಓಡಿಸಬೇಡಿ. ಬ್ಯಾಂಡ್ ಪಳಗಿದ್ದು ಅಲ್ಲೇ.

1960ರ ಆಗಸ್ಟ್‌ನಲ್ಲಿ ಲಿವರ್‌ಪೂಲ್‌ನ ಐದು ಹುಡುಗರು ಜರ್ಮನಿಯ ಆ ಬಂದರು ಊರಿಗೆ ಹೋದರು. ಮಲಗುತ್ತಿದ್ದದ್ದು ಒಂದು ಸಿನಿಮಾ ಮಂದಿರದ ಪರದೆ ಹಿಂದಿನ ಕೋಣೆಯಲ್ಲಿ. ರಾತ್ರಿಗೆ 4-5 ಗಂಟೆ ನುಡಿಸಬೇಕು, ವಾರದ ಕೊನೆಗೆ ಇನ್ನೂ ಜಾಸ್ತಿ. ಗೊತ್ತಿದ್ದ ಹಾಡುಗಳು ಅಷ್ಟು ಹೊತ್ತಿಗೆ ಸಾಲುವುದಿಲ್ಲ, ಅಲ್ವಾ? ಹಾಗಾಗಿ ಹೊಸದು ಕಲಿತರು, ಇದ್ದದ್ದನ್ನು ಎಳೆದರು, ಕುಡಿದ ಮಂದಿಯನ್ನು ಹಿಡಿದು ನಿಲ್ಲಿಸುವುದನ್ನೂ ಕಲಿತರು. ಬ್ಯಾಂಡಿನ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್‌ಗೆ ಆಗ ಬರೀ 17. ವಯಸ್ಸು ಸಾಲದೆಂದು ನವೆಂಬರ್‌ನಲ್ಲಿ ಅವನನ್ನು ವಾಪಸ್ ಕಳಿಸಿಬಿಟ್ಟರು!

ಈ ಭಾಗದಲ್ಲಿ ಸಿಗುವುದು ಹೆಚ್ಚಾಗಿ ಫೋಟೋಗಳು. ಅಲ್ಲಿನ ಫೋಟೋಗ್ರಾಫರ್ ಆಸ್ಟ್ರಿಡ್ ಕಿರ್ಚರ್ ತೆಗೆದ ಕಪ್ಪು-ಬಿಳುಪು ಚಿತ್ರಗಳು ಬಂದರೆ ಸ್ವಲ್ಪ ನಿಲ್ಲಿಸಿ ಆ ಮುಖಗಳನ್ನು ನೋಡಿ. ನನಗೆ ಅವು ಎಷ್ಟೋ ಸಂದರ್ಶನಗಳಿಗಿಂತ ಹೆಚ್ಚು ಹೇಳುತ್ತವೆ.

ಆಮೇಲೆ 1962ರ ಆಗಸ್ಟ್‌ನಲ್ಲಿ ಲಿವರ್‌ಪೂಲ್‌ನ ಕ್ಯಾವರ್ನ್ ಕ್ಲಬ್‌ನಲ್ಲಿ ಗ್ರನಾಡಾ ಟಿವಿ ಚಿತ್ರೀಕರಿಸಿದ ತುಣುಕು. ಡ್ರಮ್ಸ್‌ನಲ್ಲಿ ಪೀಟ್ ಬೆಸ್ಟ್ ಜಾಗಕ್ಕೆ ರಿಂಗೋ ಸ್ಟಾರ್ ಬಂದು ಕೆಲವೇ ದಿನಗಳಾಗಿದ್ದವು. ಕೊನೆಯವರೆಗೂ ಕಿವಿಗೊಟ್ಟು ಕೇಳಿ. ಹಾಡು ಮುಗಿದ ಕೂಡಲೇ ಜನರ ನಡುವಿಂದ ಯಾರೋ ‘ನಮಗೆ ಪೀಟ್ ಬೇಕು’ ಎಂದು ಕೂಗುತ್ತಾರೆ.