ಅಜ್ಜಿಯ ಸೀರೆಗೆ ಕತ್ತರಿ ಹಾಕುವ ಮುಂಚೆ

ಓದುಗರ ಪತ್ರ:
"ನಾನು ಮಂಡ್ಯದವಳು. ಮೈಸೂರಿನಲ್ಲಿ ಎಂ.ಕಾಂ. ಓದುತ್ತಿದ್ದೇನೆ, ದಿನಾ ರೈಲಿನಲ್ಲಿ ಓಡಾಟ. ಹಳೇ ಕಾಲದ ಸ್ಟೈಲಿನ ಬಟ್ಟೆ ಅಂದ್ರೆ ನನಗೆ ಪ್ರಾಣ. ಆನ್‌ಲೈನ್‌ನಲ್ಲಿ 'ವಿಂಟೇಜ್' ಅಂತ ಹಾಕಿದ್ದ ಪಫ್ ತೋಳಿನ ರವಿಕೆ ತರಿಸಿದೆ. ಎರಡನೇ ಸಲ ಹಾಕಿಕೊಂಡಾಗಲೇ ಕಂಕುಳಲ್ಲಿ ಪರ್ ಅಂತ ಕಿತ್ತುಕೊಂಡಿತು. ಈಗ ಟ್ರಂಕಿನಲ್ಲಿರುವ ಅಜ್ಜಿಯ ಮೈಸೂರು ಸಿಲ್ಕ್ ಸೀರೆ ಮೇಲೆ ಕಣ್ಣು ಬಿದ್ದಿದೆ. ಅದರಲ್ಲಿ ಪಫ್ ತೋಳಿನ ಉದ್ದ ಗೌನ್ ಹೊಲಿಸೋ ಆಸೆ. ಅಮ್ಮ 'ಕತ್ತರಿ ಹಾಕಿ ನೋಡು' ಅಂತ ಕಣ್ಣು ಬಿಡ್ತಾರೆ. ಹೊಲಿಸಲೋ ಬೇಡವೋ? ಜೊತೆಗೆ ಒಂದು ಹಳೆ ಎಚ್‌ಎಂಟಿ ವಾಚೂ ತಗೋಬೇಕು ಅಂತಿದ್ದೇನೆ. ಅಷ್ಟಕ್ಕೂ ಈ ವಿಂಟೇಜ್ ಅನ್ನೋದು ಸುಮ್ನೆ ಒಂದು ಹೆಸರಾ?"
– ಹೆಸರು ಹಾಕಬೇಡಿ ಎಂದಿರುವ ಓದುಗರು, ಮಂಡ್ಯ

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿದ ಸಂಜೆ ಮನೆಗೆ ಹೋದವಳೇ ಬೀರು ತೆಗೆದೆ. ಕೆಳಗಿನ ಅರೆಯಲ್ಲಿ ನನ್ನ ಅಮ್ಮನ ಒಂದು ಹಳೆ ರವಿಕೆ ಇದೆ. ಕಾಫಿ ಪುಡಿ ಬಣ್ಣದ ಕಾಟನ್. ಕಿಟಕಿ ಹತ್ತಿರ ಹಿಡಿದು ನೋಡಿದೆ. ಪಕ್ಕದ ಹೊಲಿಗೆಯ ಗುಂಟ ಸೂಜಿ ತೂತಿನ ಎರಡು ಹಳೆ ಗೆರೆ ಇದೆ. ಎರಡು ಸಲ ಬಿಚ್ಚಿ ಸಡಿಲ ಮಾಡಿದ ಗುರುತು ಅದು. ಒಂದು ನಾನು ಹುಟ್ಟಿದ ಮೇಲೆ, ಇನ್ನೊಂದು ನನ್ನ ತಮ್ಮ ಹುಟ್ಟಿದ ಮೇಲೆ. ಒಗೆದೂ ಒಗೆದೂ ರವಿಕೆಯೆಲ್ಲ ಟೀ ಬಣ್ಣಕ್ಕೆ ಬಂದಿದೆ. ಬಿಚ್ಚಿದ ಆ ಎರಡು ಸಣ್ಣ ಪಟ್ಟಿ ಮಾತ್ರ ಇನ್ನೂ ಸ್ವಲ್ಪ ಕಡು. ಒಳಗೆ ತಿರುಗಿಸಿದರೆ, ಅಷ್ಟೆಲ್ಲ ಆದ ಮೇಲೂ ಅರ್ಧ ಇಂಚು ಬಟ್ಟೆ ಉಳಿದೇ ಇದೆ!

ಈಗ ಕಂಕುಳಲ್ಲಿ ಕಿತ್ತ ನಿಮ್ಮ ರವಿಕೆಯನ್ನೂ ಹಾಗೇ ಒಳಗು ಮಾಡಿ ನೋಡಿ. ಹೊಲಿಗೆಯ ಆಚೆ ಹೆಚ್ಚೆಂದರೆ ಕಿರುಬೆರಳಿನ ಅರ್ಧದಷ್ಟು ಅಗಲ ಬಟ್ಟೆ ಇರುತ್ತದೆ. ಎಳೆ ಬಿಚ್ಚದ ಹಾಗೆ ಅದರ ಅಂಚಿಗೆ ಓವರ್‌ಲಾಕ್ ಹೊಲಿಗೆ ಓಡಿಸಿರುತ್ತಾರೆ. ಓವರ್‌ಲಾಕ್ ಮಿಷನ್‌ನಲ್ಲಿ ಪುಟ್ಟ ಚಾಕು ಇದೆ, ಹೊಲಿಯುತ್ತಾ ಹೋದಂತೆ ಉಳಿದ ಬಟ್ಟೆಯನ್ನು ಅದೇ ಕತ್ತರಿಸಿ ಬಿಸಾಕುತ್ತದೆ. ಕಾರ್ಖಾನೆಯಲ್ಲಿ ಒಂದರ ಮೇಲೊಂದು ಹತ್ತಾರು ಪದರ ಬಟ್ಟೆ ಹಾಸಿ ಒಟ್ಟಿಗೆ ಕತ್ತರಿಸುವುದು. ಒಂದು ರವಿಕೆಗೆ ಒಂದಿಂಚು ಉಳಿದರೂ ಸಾವಿರಕ್ಕೆ ಎಷ್ಟು ಉಳಿಯಿತು, ಲೆಕ್ಕ ಹಾಕಿ. ಬೆಳಿಗ್ಗೆ ಮದ್ದೂರು ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ನಿಮ್ಮ ಬಸ್‌ಸ್ಟಾಂಡಿನಲ್ಲೇ ನಿಂತಿರುತ್ತಾರೆ. ಕೇಳಿ ನೋಡಿ. ನನಗಿಂತ ಚೆನ್ನಾಗಿ ಹೇಳ್ತಾರೆ.

ನಿಮ್ಮ ರವಿಕೆ ಕಿತ್ತಿದ್ದಕ್ಕೆ ಕಾರಣ ಅಷ್ಟೇ. ತೋಳು ಹಳೇ ಕಾಲದ್ದು, ಹೊಲಿಗೆ ಇವತ್ತಿನದು. ನೀವು ಕೈ ಎತ್ತಿ ರೈಲಿನ ಕಂಬಿ ಹಿಡಿದಿರಿ, ಎಳೆತ ತಡೆಯಲು ಒಳಗೆ ಬಟ್ಟೆಯೇ ಇರಲಿಲ್ಲ.

ವಿಂಟೇಜ್ ಅನ್ನೋದು ಸುಮ್ನೆ ಹೆಸರಾ ಎಂದು ಕೇಳಿದ್ದೀರಿ. ಪೂರ್ತಿ ಸುಮ್ನೆ ಅಲ್ಲ. ಮೂಲದಲ್ಲಿ ಅದು ದ್ರಾಕ್ಷಿ ಕೊಯ್ಲಿಗೆ, ಆ ಕೊಯ್ಲಿನ ವೈನಿಗೆ ಹೇಳುವ ಮಾತು. ಆಮೇಲೆ ಹಳೆ ಕಾರಿಗೆ, ಹಳೆ ಬಟ್ಟೆಗೆ ಅಂಟಿಕೊಂಡಿತು. ಹಳೆ ಬಟ್ಟೆ ಮಾರುವವರಲ್ಲಿ ಒಂದು ವಾಡಿಕೆ ಇದೆ. ಇಪ್ಪತ್ತು ವರ್ಷ ದಾಟಿದ್ದು ವಿಂಟೇಜ್, ನೂರು ದಾಟಿದ್ದು ಆಂಟಿಕ್. ಹಳೆಯದರ ಹಾಗೆ ಕಾಣುವ ಹೊಸದು ರೆಟ್ರೋ. ಈ ಲೆಕ್ಕದಲ್ಲಿ ನೀವು ತರಿಸಿದ್ದು ರೆಟ್ರೋ, ನಿಮ್ಮ ಅಜ್ಜಿಯ ಸೀರೆ ವಿಂಟೇಜ್. ಅಂಗಡಿಯವರು ಎರಡಕ್ಕೂ ಒಂದೇ ಚೀಟಿ ಅಂಟಿಸುತ್ತಾರೆ. ಅದಕ್ಕೆ ಜಾಸ್ತಿ ಕೋಪ ಮಾಡಿಕೊಳ್ಳಬೇಡಿ. ನಕಲು ಮಾಡೋದು ಇವತ್ತಿನ ಚಾಳಿಯೇನೂ ಅಲ್ಲ.

ನೀವು ಇಷ್ಟಪಟ್ಟ ಪಫ್ ತೋಳನ್ನೇ ತಗೊಳ್ಳಿ. ಯುರೋಪಿನಲ್ಲಿ 1830ರ ಸುಮಾರಿಗೆ ತೋಳು ಬಲೂನಿನ ಹಾಗೆ ಊದಿತು, ಆಮೇಲೆ ಇಳಿಯಿತು. 1890ರ ಹೊತ್ತಿಗೆ ಮತ್ತೆ ಊದಿತು. ಅಂದರೆ ಎರಡನೇ ಸಲ ಬಂದದ್ದೇ ರೆಟ್ರೋ. ನಮ್ಮ ದೇಶದಲ್ಲಿ ಸೀರೆಗೆ ರವಿಕೆ, ಒಳಲಂಗ ಜೋಡಿಸಿ ಉಡುವ ರೂಢಿ ಹರಡಿದ್ದರಲ್ಲಿ ಬಂಗಾಳದ ಜ್ಞಾನದಾನಂದಿನಿ ದೇವಿಯವರ ಪಾಲು ದೊಡ್ಡದು. ರವೀಂದ್ರನಾಥ ಟಾಗೋರರ ಅತ್ತಿಗೆ ಅವರು. ಗಂಡನ ಕೆಲಸದ ಮೇಲೆ ಮುಂಬಯಿ ಕಡೆ ಇದ್ದು ಬಂದವರು, ಅಲ್ಲಿನ ಪಾರ್ಸಿ ಹೆಂಗಸರು ಉಡುವುದನ್ನು ನೋಡಿ ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡರು. ಆಗಿನ ರವಿಕೆಗೆ ಇಂಗ್ಲಿಷ್ ದೊರೆಸಾನಿಯರ ತೋಳು, ಲೇಸು ಎಲ್ಲ ಬಂದು ಸೇರಿತು. ಮೈಸೂರಿನ ಹಳೆ ಮನೆಗಳ ನಡುಮನೆಯಲ್ಲಿ ಸ್ಟುಡಿಯೋ ಫೋಟೊ ತೂಗುಹಾಕಿರುತ್ತಾರಲ್ಲ, ಅದರಲ್ಲಿ ಕುರ್ಚಿ ಹಿಡಿದು ನಿಂತ ಮುತ್ತಜ್ಜಿಯರ ತೋಳು ನೋಡಿ. ಪಾಪ, ಅವರೂ ಫ್ಯಾಷನ್ ಮಾಡಿದವರೇ.

ಇನ್ನು ಸೀರೆಯ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು. ಮಗ್ಗ ತರಿಸಿದ್ದು ಸ್ವಿಟ್ಜರ್ಲೆಂಡಿನಿಂದ. 'ಮೈಸೂರು ಸಿಲ್ಕ್ ಅಂದ್ರೆ ಕೈಮಗ್ಗ ಅಲ್ವಾ' ಎಂದು ಬಹಳ ಜನ ಕೇಳುತ್ತಾರೆ. ಅಲ್ಲ, ಮೊದಲಿನಿಂದಲೂ ಯಂತ್ರದ ಮಗ್ಗವೇ. 1980ರಲ್ಲಿ ಕಾರ್ಖಾನೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು. ಮಾನಂದವಾಡಿ ರಸ್ತೆಯಲ್ಲಿ ಹೋಗುವಾಗ ಇವತ್ತಿಗೂ ಕಾಣುತ್ತದೆ. ನೂಲು ತೆಗೆಯುವುದು ತಿ. ನರಸೀಪುರದಲ್ಲಿ.

ಈ ಸೀರೆಯ ಗುಟ್ಟು ಇರುವುದು ನೂಲಿನ ಹುರಿಯಲ್ಲಿ, ಅಂದರೆ ಎಳೆಯನ್ನು ತಿರುಚುವುದರಲ್ಲಿ. ಹೊಕ್ಕಿನ, ಅಂದರೆ ಅಡ್ಡ ಎಳೆಗಳಿಗೆ ವಿಪರೀತ ಹುರಿ ಕೊಡುತ್ತಾರೆ, ಕೆಲವಕ್ಕೆ ಎಡಕ್ಕೆ, ಕೆಲವಕ್ಕೆ ಬಲಕ್ಕೆ. ಎರಡನ್ನೂ ಸರದಿ ಮೇಲೆ ನೇಯ್ದು, ಆಮೇಲೆ ಸೋಪಿನ ನೀರಲ್ಲಿ ಕುದಿಸಿ ರೇಷ್ಮೆಯ ಅಂಟು ತೆಗೆಯುತ್ತಾರೆ. ಆಗ ಎಳೆಗಳು ತಮ್ಮ ತಮ್ಮ ದಿಕ್ಕಿಗೆ ಸುರುಳಿಕೊಳ್ಳುತ್ತವೆ, ಬಟ್ಟೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಸುಕ್ಕಾಗುತ್ತದೆ. ಅದೇ ಕ್ರೇಪ್. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ನೀರಿನ ಹಾಗೆ ಜಾರುತ್ತದಲ್ಲ, ಅದು ಇದರಿಂದಲೇ.

ಈಗ ನಿಮ್ಮ ಗೌನಿಗೆ ಬರೋಣ. ಪಫ್ ನಿಲ್ಲಬೇಕಾದರೆ ಬಟ್ಟೆಗೆ ಬಿಗಿ ಇರಬೇಕು. ಗಂಜಿ ಹಾಕಿದ ಕಾಟನ್, ಖಣ, ಗರಿಗರಿ ರೇಷ್ಮೆ ನಿಲ್ಲುತ್ತವೆ. ಕ್ರೇಪ್ ನಿಲ್ಲುವುದಿಲ್ಲ, ಇಳಿಬೀಳುತ್ತದೆ. ಅಜ್ಜಿಯ ಸೀರೆಯಲ್ಲಿ ಪಫ್ ತೋಳು ಮಾಡಿಸಿದರೆ ಗಾಳಿ ಹೋದ ಬಲೂನು ಹೆಗಲ ಮೇಲೆ ಕೂತ ಹಾಗೆ ಕಾಣುತ್ತದೆ. ಅಮ್ಮ ಬೈದರೂ ಬಿಟ್ಟರೂ ಆ ಆಸೆ ಕೈಬಿಡಿ.

ಕತ್ತರಿ ಹಾಕಬೇಕೋ ಬೇಡವೋ ಅನ್ನೋದನ್ನು ಅಮ್ಮನೂ ಹೇಳಬೇಕಿಲ್ಲ, ನಾನೂ ಹೇಳಬೇಕಿಲ್ಲ. ಸೀರೆಯೇ ಹೇಳುತ್ತದೆ. ಹಗಲು ಬೆಳಕಿನಲ್ಲಿ ಮಂಚದ ಮೇಲೆ ಪೂರ್ತಿ ಹರಡಿ. ಮಡಿಕೆ ಬಿದ್ದ ಗೆರೆಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದು ನೋಡಿ. ಹಳೆ ರೇಷ್ಮೆ ಮೊದಲು ಸೀಳುವುದು ಅಲ್ಲೇ. ಆಮೇಲೆ ಎರಡು ಹೆಬ್ಬೆರಳು ಪಕ್ಕಪಕ್ಕ ಇಟ್ಟು ಮೆತ್ತಗೆ ಎಳೆಯಿರಿ. ಎಳೆ ಜರುಗದೆ ನಿಂತರೆ ಸೀರೆಗೆ ಇನ್ನೂ ಜೀವ ಇದೆ. ಹಾಗಿದ್ದರೆ ದಯವಿಟ್ಟು ಕತ್ತರಿಸಬೇಡಿ, ಉಡಿ. ಕಾಲೇಜಿಗೇ ಉಟ್ಟು ಹೋಗಿ. ಬಿಳಿ ಕಾಟನ್ನಿನ ಪಫ್ ತೋಳಿನ ರವಿಕೆ ಹೊಲಿಸಿ ಅದರ ಮೇಲೆ ಉಟ್ಟರೆ ನಿಮಗೆ ಬೇಕಾದ ನೋಟ ಪೂರ್ತಿ ಬರುತ್ತದೆ. ಐದೂವರೆ ಮೀಟರೂ ಉಳಿಯುತ್ತದೆ.

ಎಳೆದ ಕೂಡಲೇ ಸರ್ರನೆ ಸೀಳಿದರೆ ಅದರಲ್ಲಿ ಗೌನ್ ಹೊಲಿಸುವುದೂ ದಂಡವೇ. ಮೊದಲ ಸಲ ಕೂರುವಾಗ ಬೆನ್ನಲ್ಲಿ ಬಿಡುತ್ತದೆ. ಆಗ ಅಂಚು, ಸೆರಗು ಮಾತ್ರ ಉಳಿಸಿಕೊಳ್ಳಿ. ಮೈಸೂರು ಸಿಲ್ಕಿನ ಜರಿ ಅಂಚು ಒಡಲಿನ ಜೊತೆಗೇ ನೇಯ್ದು ಬಂದದ್ದು, ಲೇಸಿನ ಹಾಗೆ ಬಿಚ್ಚಲು ಬರುವುದಿಲ್ಲ. ಪಕ್ಕಕ್ಕೆ ಎರಡು ಬೆರಳಷ್ಟು ಒಡಲು ಬಿಟ್ಟು ಕತ್ತರಿಸಿ, ಅದನ್ನು ಒಳಗೆ ಮಡಿಸಿ ಹೊಲಿಯಬೇಕು. ನಿಮ್ಮ ಜಿಲ್ಲೆಯ ಮೇಲುಕೋಟೆಯಲ್ಲೇ ಖಾದಿ ನೇಯುತ್ತಾರೆ. ಆ ಬಟ್ಟೆಯ ಉದ್ದ ಕುರ್ತಾದ ಕೆಳಗೆ, ತೋಳಿನ ತುದಿಗೆ ಅಜ್ಜಿಯ ಅಂಚು ಬಂದರೆ ನೋಡಿ ಹೇಗಿರುತ್ತೆ!

ಮಧ್ಯದ ಸ್ಥಿತಿಯೂ ಒಂದಿದೆ. ಒಡಲು ಗಟ್ಟಿ, ಒಂದೆರಡು ಕಡೆ ಮಾತ್ರ ಮಡಿಕೆ ಸೀಳಿದೆ. ಗೌನ್ ಹೊಲಿಸುವುದಾದರೆ ಇದರಲ್ಲಿ ಹೊಲಿಸಿ. ಸೀಳಿದ ಭಾಗ ಬಿಟ್ಟು ಕಟ್ ಮಾಡಬಹುದು. ಒಳಗೆ ಪೂರ್ತಿ ಮಲ್ ಬಟ್ಟೆ, ಅಂದರೆ ತೆಳು ಕಾಟನ್, ಕೊಟ್ಟು, ಎಳೆತವೆಲ್ಲ ಮಲ್ ಮೇಲೆ ಬೀಳುವ ಹಾಗೆ ಮಾಡಿಸಿ. ಆ ಮಲ್ ಬಟ್ಟೆಯನ್ನು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೇ ಟೈಲರ್ ಕೈಗೆ ಕೊಡಿ. ಇಲ್ಲದಿದ್ದರೆ ನೀರು, ಇಸ್ತ್ರಿಯ ಆವಿ ತಾಗಿದಾಗ ಅದು ಕುಗ್ಗಿ, ಮೇಲಿನ ರೇಷ್ಮೆ ಜೋಲು ಬೀಳುತ್ತದೆ. ಕ್ರೇಪನ್ನು ನೀರಿಗೆ ಹಾಕುವ ಹಾಗೇ ಇಲ್ಲ, ಡ್ರೈಕ್ಲೀನ್‌ಗೇ ಕೊಡಬೇಕು.

ಅಮ್ಮನ ಸಿಟ್ಟಿನ ಬಗ್ಗೆ ಒಂದು ಮಾತು. ಅವರಿಗೆ ಭಯ ಇರುವುದು ಕತ್ತರಿಯದಲ್ಲ, ವಸ್ತು ಕೈಬಿಟ್ಟು ಹೋಗುವುದರದು ಅಂತ ನನಗನ್ನಿಸುತ್ತದೆ. ನಮ್ಮ ಮನೆಯಲ್ಲಿ ಯಾರೂ ಕತ್ತರಿ ಹಾಕಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆವು. ಹಳೆ ಜರಿ ಸೀರೆಗೆ ಪಾತ್ರೆ ಕೊಡುವವರು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರಲ್ಲ, ಒಂದು ಮಧ್ಯಾಹ್ನ ಅಜ್ಜಿಯ ಬದನೆಕಾಯಿ ಬಣ್ಣದ ಸೀರೆ ಎರಡು ಸ್ಟೀಲ್ ಬೇಸಿನ್ ಆಯಿತು. ತಗೊಂಡವನು ಜರಿ ಎಳೆಯನ್ನು ಉಗುರಿನಲ್ಲಿ ಕೆರೆದು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಕೆರೆದಾಗ ತಾಮ್ರದ ಕೆಂಪು ಕಂಡರೆ ಬೆಲೆ ಇಲ್ಲ, ಬೆಳ್ಳಿಯ ಬಿಳುಪು ಕಂಡರೆ ಬೆಲೆ. ಅವನು ಮಾತಾಡದೆ ಬೇಸಿನ್ ತೆಗೆದು ಇಟ್ಟ. ಆ ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ ಅಂತ ನಮಗೆ ಆಗ ಗೊತ್ತಿರಲಿಲ್ಲ. ಒಂದು ಬೇಸಿನ್‌ನಲ್ಲಿ ಈಗಲೂ ಹಿಟ್ಟು ಕಲಸುತ್ತೇನೆ. ಅದಕ್ಕೇ ಹೇಳಿದ್ದು, ಅಮ್ಮನನ್ನೂ ಕೂರಿಸಿಕೊಂಡು ಒಟ್ಟಿಗೆ ಸೀರೆ ಹರಡಿ ನೋಡಿ.

ಟೈಲರ್ ಹತ್ತಿರ ಹೋದಾಗ ಫೋನಿನಲ್ಲಿ ಫೋಟೊ ತೋರಿಸಿ 'ಹೀಗೇ ಬೇಕು' ಅನ್ನುತ್ತೀರಿ, ಸರಿ. ಅದರ ಜೊತೆ ಇನ್ನೊಂದು ಮಾತು ಸೇರಿಸಿ: "ಅಣ್ಣಾ, ಎರಡೂ ಪಕ್ಕ ಒಂದೂವರೆ ಇಂಚು ಒಳಗೆ ಬಟ್ಟೆ ಬಿಡಿ, ಕಂಕುಳಲ್ಲೂ ಸ್ವಲ್ಪ ಬಿಡಿ." ನಮ್ಮ ಮೈಸೂರಿನ ಶಿವರಾಂಪೇಟೆ ಕಡೆಯ ಹಳೆ ಟೈಲರುಗಳಿಗೆ ಇದನ್ನು ಹೇಳಲೇಬೇಕಾಗಿಲ್ಲ. ಹೊಸ ಹುಡುಗರು ಮಾತ್ರ 'ಒಳಗೆ ದಪ್ಪ ಕಾಣುತ್ತೆ ಮೇಡಂ' ಅಂತಾರೆ. ಕಾಣಲಿ ಬಿಡಿ. ಪಫ್ ತೋಳಿಗೆ ಮಾಮೂಲಿ ತೋಳಿನ ಒಂದೂವರೆ ಪಟ್ಟು ಅಗಲ ಬೇಕು, ನೆರಿಗೆಯೆಲ್ಲ ಹೆಗಲ ನೆತ್ತಿಯ ಹತ್ತಿರ ಬರಲಿ, ಕಂಕುಳ ಕೆಳಗೆ ಒಂದೂ ಬೇಡ. ದುಂಡಗಿನ ಪೀಟರ್ ಪ್ಯಾನ್ ಕಾಲರ್, ಲೇಸು, ಬಟ್ಟೆ ಸುತ್ತಿದ ಗುಂಡಿ, ಇವೆಲ್ಲ ನಿಮ್ಮಿಷ್ಟ. ಹಳೆಯದರಲ್ಲಿ ಕದಿಯುವಂಥದ್ದು ಏನಾದರೂ ಇದ್ದರೆ ಅದು ಒಳಗೆ ಬಿಟ್ಟ ಆ ಬಟ್ಟೆ. ಮೇಲಿನ ತೋಳನ್ನು ಯಾರು ಬೇಕಾದರೂ ಹೊಲಿಯುತ್ತಾರೆ.

ಒಡವೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಜುಮ್ಕಿ, ಕೆನ್ನೆಸರಪಳಿ, ಡಾಬು, ವಂಕಿ ಎಲ್ಲವನ್ನೂ ಒಂದೇ ದಿನ ಹಾಕಬೇಡಿ. ಅದು ಭರತನಾಟ್ಯ ಆಗುತ್ತದೆ.

ಇನ್ನು ವಾಚು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಶುರುಮಾಡಿತು. ಆಗ ಹೊಸ ಕೆಲಸಕ್ಕೆ ಸೇರಿದವರ ಕೈಯಲ್ಲಿ, ಮದುವೆ ಗಂಡಿನ ಕೈಯಲ್ಲಿ ಅದೇ. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು, ಆಮೇಲೆ ಹಳೆ ವಾಚುಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಬೇಡಿಕೆ ಬಂದ ಕಡೆ ಕಿತಾಪತಿಯೂ ಬರುತ್ತದೆ. ಹಳೆ ಡಯಲ್ಲಿಗೆ ಕೆಂಪು, ನೇರಳೆ, ಗಿಳಿ ಹಸಿರು ಬಣ್ಣ ಬಳಿದು, ಮೇಲೆ ಹೊಸದಾಗಿ ಅಕ್ಷರ ಅಚ್ಚು ಹಾಕಿ ಮಾರುತ್ತಾರೆ. ನನಗೂ ಒಂದು ಸಲ ಹೀಗೆ ಟೋಪಿ ಬಿತ್ತು. ಬಂದ ವಾಚು ಫಳಫಳ ಹೊಳೆಯುತ್ತಿತ್ತು. ಭೂತಗನ್ನಡಿ ಹಿಡಿದು ನೋಡಿದರೆ 'ಜನತಾ' ಅನ್ನುವ ಮಾಡೆಲ್ ಹೆಸರಿನ ಅಕ್ಷರ ಅಂಚಿನಲ್ಲಿ ಹರಡಿಕೊಂಡಿತ್ತು, ಒಂದು ಗೆರೆ ಸೊಟ್ಟ. ಕಾರ್ಖಾನೆಯ ಅಚ್ಚು ಹಾಗಿರುವುದಿಲ್ಲ. ಐವತ್ತು ವರ್ಷದ ವಾಚಿನ ಡಯಲ್ ಸ್ವಲ್ಪ ಹಳದಿಗೆ ತಿರುಗಿದ್ದರೆ ಅದೇ ಒಳ್ಳೆಯ ಗುರುತು. ಕೊಳ್ಳುವ ಮುಂಚೆ ಅಕ್ಷರ ನೋಡಿ, ಹಿಂದಿನ ಮುಚ್ಚಳ ತೆಗೆಸಿ ಒಳಗಿನ ಮಿಷನ್ ಮೇಲೆ ಎಚ್‌ಎಂಟಿ ಅಂತ ಇದೆಯಾ ನೋಡಿ.

ಅದಕ್ಕೂ ಮುಂಚೆ, ಅಜ್ಜಿ ಸೀರೆ ಇರುವ ಟ್ರಂಕಿನ ತಳದಲ್ಲಿ ಇನ್ನೊಂದು ಸಲ ಕೈಯಾಡಿಸಿ. ತಾತನ ವಾಚು ಅಲ್ಲೇ ಎಲ್ಲೋ ಇದ್ದರೂ ಇರಬಹುದು. ಕೀ ಕೊಟ್ಟು ಕಿವಿ ಹತ್ತಿರ ಹಿಡಿದು ಕೇಳಿ. ನಿಂತಿದ್ದರೂ ಪರವಾಗಿಲ್ಲ, ಎಣ್ಣೆ ಒಣಗಿರಬಹುದು ಅಷ್ಟೇ. ಕೀ ವಾಚು ರಿಪೇರಿ ಮಾಡುವವರು ಮೈಸೂರಿನಲ್ಲಿ ಇನ್ನೂ ಒಂದಿಬ್ಬರು ಕೂತಿದ್ದಾರೆ. ಕೀ ತಿರುಗಿಸುವಾಗ ಕೈಗೆ ಬಿಗಿ ಸಿಕ್ಕ ಕೂಡಲೇ ನಿಲ್ಲಿಸಿ, ಒತ್ತಾಯ ಮಾಡಬೇಡಿ.

ಸೀರೆ ನೋಡಿ ನಿರ್ಧಾರ ಮಾಡಲು ಆಗದಿದ್ದರೆ ಕಾಲೇಜು ಮುಗಿಸಿ ನಮ್ಮ ಆಫೀಸಿಗೇ ತನ್ನಿ. ಮಧ್ಯಾಹ್ನ ನಾಲ್ಕರ ಒಳಗೆ ಬನ್ನಿ, ಆಮೇಲೆ ಇಲ್ಲಿ ಬೆಳಕು ಸಾಲದು. ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ತರಬೇಡಿ, ಹಳೆ ಪಂಚೆಯಲ್ಲಿ ಸುತ್ತಿ ತನ್ನಿ. ಅಮ್ಮನನ್ನೂ ಕರೆದುಕೊಂಡು ಬನ್ನಿ, ಅವರ ರವಿಕೆಯ ಒಳಹೊಲಿಗೆಯನ್ನೂ ಒಂದು ಸಲ ನೋಡುವ ಆಸೆ ನನಗಿದೆ.

– ಸಂಪಾದಕಿ