‘ಸನ್ ಬರುತ್ತಾ?’ ಎಂದಷ್ಟೇ ಕೇಳಬೇಡ, ತಂಗಿ

ಧಾರವಾಡದಿಂದ ನೀನು ಬರೆದದ್ದು ಓದಿದೆ. ಯಜಮಾನರಿಗೆ ಮುಂಬೈಗೆ ವರ್ಗವಾಗಿದೆ, ಡೊಂಬಿವಲಿಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೀರಿ, ಬ್ರೋಕರ್ ತೋರಿಸಿದ ಮನೆಗೆಲ್ಲ ‘ಫುಲ್ ಸನ್, ಈಸ್ಟ್ ಫೇಸಿಂಗ್’ ಅನ್ನುತ್ತಾನೆ, ನಂಬಬಹುದೇ ಅಂತ ಕೇಳಿದ್ದೀ. ಜೊತೆಗೆ ಕರಾರು, ಲೋಕಲ್ ರೈಲಿನ ಪಾಸು, ಭಾಷೆ. ಮಡಿಲಲ್ಲಿ ನಾಲ್ಕು ತಿಂಗಳ ಕೂಸು ಬೇರೆ.

ಕರಾರಿಗೆ ಇಲ್ಲಿ ‘ಲೀವ್ ಅಂಡ್ ಲೈಸೆನ್ಸ್’ ಅನ್ನುತ್ತಾರೆ, ಸಾಮಾನ್ಯವಾಗಿ 11 ತಿಂಗಳದು. ಮಹಾರಾಷ್ಟ್ರದಲ್ಲಿ ಅದನ್ನು ನೋಂದಾಯಿಸಲೇಬೇಕು, ಬಿಡಬೇಡಿ. ಪಾಸನ್ನು ಯಜಮಾನರು ತಿಂಗಳದ್ದು ಮಾಡಿಸಿಕೊಳ್ಳಲಿ. ರವಿವಾರ ಹೊರಡುವುದಿದ್ದರೆ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ಕೆಲ ಗಂಟೆ ರೈಲು ನಿಲ್ಲಿಸುವುದು, ಯಾವ ಲೈನಿನಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ಭಾಷೆಯ ಮಾತು ಕೊನೆಗೆ ಬರುತ್ತದೆ. ಬಿಸಿಲಿನ ಪ್ರಶ್ನೆಗೆ ಮಾತ್ರ ಬಿಡಿಸಿ ಉತ್ತರ ಕೊಡುತ್ತೇನೆ. ನಾನು ಬಂದ ಹೊಸತರಲ್ಲಿ ಎಡವಿದ್ದು ಅಲ್ಲೇ.

ಇಂಗ್ಲಿಷಿನ ‘ಸನ್’ ಆಕಾಶದ ಸೂರ್ಯನೂ ಹೌದು, ಅಂಗಳದಲ್ಲಿ ಬೀಳುವ ಬಿಸಿಲೂ ಹೌದು. ‘ಸನ್ ರೈಸ್’ ಅಂದಾಗ ಸೂರ್ಯ, ‘ಸಿಟ್ ಇನ್ ದ ಸನ್’ ಅಂದಾಗ ಬಿಸಿಲು. ನಮ್ಮಲ್ಲಿ ಅವೆರಡೂ ಬೇರೆ ಬೇರೆ, ಬಿಸಿಲಲ್ಲೇ ಮತ್ತೆ ಎಳೆಬಿಸಿಲು, ಉರಿಬಿಸಿಲು, ಇಳಿಬಿಸಿಲು. ಬ್ರೋಕರನ ‘ಸನ್’ ಇದ್ಯಾವುದೂ ಅಲ್ಲದೆ ಬರೀ ಬೆಳಕೂ ಆಗಿರಬಹುದು. ಎದುರು ಕಟ್ಟಡದ ಬಿಳಿ ಗೋಡೆಗೆ ಬಡಿದು ಬಂದ ಬೆಳಕಿನಿಂದ ಹಾಲ್ ಬೆಳಗುತ್ತದೆ, ಆದರೆ ಹಾಸಿಗೆ ಒಣಗುವುದಿಲ್ಲ.

‘ಈಸ್ಟ್’ ಎಂಬ ಮಾತಿಗೂ ಎಚ್ಚರ. ಡೊಂಬಿವಲಿ ಈಸ್ಟ್ ಅಂದರೆ ರೈಲು ಹಳಿಯ ಪೂರ್ವಕ್ಕಿರುವ ಊರಿನ ಭಾಗ ಅಷ್ಟೇ, ಮನೆಯ ದಿಕ್ಕಲ್ಲ. ‘ಈಸ್ಟ್ ಫೇಸಿಂಗ್’ ಅಂದರೆ ಹೆಚ್ಚಾಗಿ ಮುಂಬಾಗಿಲು ಪೂರ್ವಕ್ಕಿದೆ ಅಂತ, ವಾಸ್ತು ನೋಡುವವರಿಗಾಗಿ ಹೇಳುವುದು. ಆ ಬಾಗಿಲು ತೆರೆಯುವುದು ಲಿಫ್ಟ್ ಮುಂದಿನ ಕತ್ತಲ ಪ್ಯಾಸೇಜಿಗೆ. ಬಿಸಿಲು ಬರುವುದು ಕಿಟಕಿಯಿಂದ. ಆದ್ದರಿಂದ ಪ್ರತಿ ಕಿಟಕಿಯ ಮುಂದೆ ನಿಂತು ಫೋನಿನ ದಿಕ್ಸೂಚಿ ಹಿಡಿದು ನೋಡು. ಕಬ್ಬಿಣದ ಗ್ರಿಲ್ಲಿಗೆ ತಾಗಿಸಿದರೆ ಮುಳ್ಳು ತಪ್ಪು ತೋರಿಸುತ್ತದೆ, ಎರಡು ಹೆಜ್ಜೆ ಹಿಂದೆ ನಿಲ್ಲು.

ಈಗ ನಾನು ತಪ್ಪಿದ್ದು. ಮೇ ತಿಂಗಳಲ್ಲಿ, ಬೆಳಗಿನ ಎಂಟಕ್ಕೆ ಮನೆ ನೋಡಿದೆ, ಕಿಟಕಿಯಲ್ಲಿ ಬಿಸಿಲಿತ್ತು, ಒಪ್ಪಿಬಿಟ್ಟೆ. ಅದು ಉತ್ತರದ ಕಿಟಕಿ. ಮುಂಬೈ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಇಲ್ಲಿ ಸೂರ್ಯ ದಿನವಿಡೀ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಹಾಗಾಗಿ ಆಗ ಉತ್ತರದ ಕಿಟಕಿಗೂ ಓರೆಬಿಸಿಲು ಬೀಳುತ್ತದೆ. ಸೆಪ್ಟೆಂಬರ್ ಕೊನೆಗೆ ಸೂರ್ಯ ದಕ್ಷಿಣಕ್ಕೆ ಸರಿದನೆಂದರೆ ಮಾರ್ಚ್ ಕೊನೆಯವರೆಗೆ ಆ ಗೋಡೆಗೆ ಒಂದು ಕಿರಣವೂ ಇಲ್ಲ. ಮಳೆಗಾಲದಲ್ಲಿ ಹೀರಿದ ತೇವ ಗೋಡೆಯಲ್ಲೇ ಉಳಿದು, ಟ್ರಂಕಿನಲ್ಲಿದ್ದ ಅವ್ವನ ಇಳಕಲ್ ಸೀರೆಗೆ ಬೂಷ್ಟು ಹಿಡಿಯಿತು. ಕಲೆ ಇವತ್ತಿಗೂ ಹೋಗಿಲ್ಲ. ಅದನ್ನು ನೆನೆದಾಗೆಲ್ಲ ಹೊಟ್ಟೆ ಕಿವುಚುತ್ತದೆ.

ದಕ್ಷಿಣದ ಕಿಟಕಿ ಇದಕ್ಕೆ ತದ್ವಿರುದ್ಧ. ಡಿಸೆಂಬರ್ ನಡುಹಗಲಲ್ಲಿ ಸೂರ್ಯ ಸುಮಾರು 47 ಡಿಗ್ರಿಯಷ್ಟೇ ಮೇಲಿರುತ್ತಾನೆ. ಕಿಟಕಿಯ ಮೇಲಂಚು ಏಳಡಿ ಎತ್ತರದಲ್ಲಿದ್ದರೆ ಬಿಸಿಲು ನೆಲದ ಮೇಲೆ ಆರಡಿಯಷ್ಟು ಒಳಗೆ ಬರುತ್ತದೆ. ಹೊರಗೆ ಎರಡಡಿ ಸಜ್ಜಾ ಇದ್ದರೆ ನಾಲ್ಕಡಿ ಚಿಲ್ಲರೆ. ಎದುರು ಕಟ್ಟಡವನ್ನೂ ಅಳೆ: ನಿನ್ನ ಮಹಡಿಯಿಂದ ಮೇಲಕ್ಕೆ ಅದು ಹತ್ತು ಮೀಟರ್ ಎತ್ತರವಿದ್ದರೆ ಆ ಹೊತ್ತಿನಲ್ಲಿ ಅದರ ನೆರಳು ಒಂಬತ್ತು ಮೀಟರ್ ಚಾಚುತ್ತದೆ. ನಡುವಿನ ಅಂತರ ಅದಕ್ಕಿಂತ ಕಡಿಮೆಯಿದ್ದರೆ ಚಳಿಗಾಲದ ಬಿಸಿಲು ನಿನಗಲ್ಲ, ಎದುರಿನವರಿಗೆ. ಒಂದು ಮಹಡಿಗೆ ಮೂರು ಮೀಟರ್ ಹಿಡಿದು ಲೆಕ್ಕ ಹಾಕು.

ಪಶ್ಚಿಮದ ಕಿಟಕಿಗೆ ಗಾಳಿ ಚೆನ್ನ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಇಳಿಬಿಸಿಲು ಕಾಯಿಸಿದ ಗೋಡೆ ರಾತ್ರಿಯವರೆಗೂ ಆರುವುದಿಲ್ಲ. ಮಳೆ ಹೊಡೆಯುವುದೂ ಆ ಕಡೆಯಿಂದಲೇ. ಅಲ್ಲಿ ಕಪಾಟು ಇಡಬೇಡ.

ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯುವ ಪದ್ಧತಿ ನಿನಗೆ ನಾನು ಹೇಳಬೇಕಿಲ್ಲ. ಗಡಿಯಾರ ಮಾತ್ರ ತುಸು ಬದಲಾಗುತ್ತದೆ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಮುಂಬೈಯ ಸೂರ್ಯ ಅದಕ್ಕಿಂತ ಸುಮಾರು 39 ನಿಮಿಷ ಹಿಂದೆ. ಈ ಊರು 1955ರವರೆಗೂ ತನ್ನದೇ ಆದ ‘ಬಾಂಬೆ ಟೈಮ್’ ಇಟ್ಟುಕೊಂಡಿತ್ತು. ಜನವರಿಯಲ್ಲಿ ಇಲ್ಲಿ ಹೊತ್ತು ಮೂಡುವುದು ಏಳೂಕಾಲಿಗೆ, ಎದುರಿನ ಕಟ್ಟಡ ದಾಟಿ ಕಿಟಕಿಗೆ ಬರುವಾಗ ಎಂಟು ದಾಟಿರುತ್ತದೆ. ಮೇ ತಿಂಗಳಲ್ಲಾದರೆ ಎಂಟಕ್ಕೇ ಚುರುಗುಟ್ಟುತ್ತದೆ, ಆಗ ಏಳರೊಳಗೆ ಮುಗಿಸು. ಕಿಟಕಿಯ ಗಾಜು ತೆಗೆದಿರಲಿ.

ಸಂಡಿಗೆ, ಹಪ್ಪಳಕ್ಕೆ ಸೊಸೈಟಿಯ ಟೆರೇಸ್ ಕೀಲಿ ಯಾರ ಬಳಿ ಅಂತ ಮೊದಲೇ ವಿಚಾರಿಸು. ಇಲ್ಲಿನವರೂ ಬೇಸಗೆಯಲ್ಲಿ ಇವನ್ನು ಹಾಕುತ್ತಾರೆ, ಎಲ್ಲಕ್ಕೂ ಸೇರಿಸಿ ‘ವಾಳವಣ’ ಅನ್ನುತ್ತಾರೆ. ಆ ಮಾತು ಆಡಿದರೆ ಕೀಲಿ ಬೇಗ ಸಿಗುತ್ತದೆ. ಊರಲ್ಲಿ ಎರಡು ದಿನಕ್ಕೆ ಒಣಗುವ ಸಂಡಿಗೆಗೆ ಈ ಸಮುದ್ರದ ತೇವಗಾಳಿಯಲ್ಲಿ ಮೂರ್ನಾಲ್ಕು ದಿನ ಬೇಕು. ಸಂಜೆ ಐದಕ್ಕೆ ಒಳಗೆ ತಾ, ರಾತ್ರಿ ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ.

ಇನ್ನು ಭಾಷೆ. ಇಂಗ್ಲಿಷಿನಲ್ಲಿ ಕೆಲಸ ನಡೆಯುತ್ತದೆ, ಆದರೆ ಮರಾಠಿ ಕಲಿ. ಬಿಸಿಲಿಗೆ ಮರಾಠಿಯಲ್ಲಿ ‘ಊನ್’. ನಮಗೆ ಊನವೆಂದರೆ ಕೊರತೆ, ಮೊದಮೊದಲು ಕಿವಿಗೆ ವಿಚಿತ್ರ ಅನಿಸೀತು. ‘ಊನ್ ಲಾಗಲ’ ಅಂದರೆ ಬಿಸಿಲು ತಾಗಿದೆ. ಸೂರ್ಯ ಮುಳುಗುವುದಕ್ಕೆ ‘ಮಾವಳಣೆ’, ಅದರಿಂದಲೇ ಪಶ್ಚಿಮಕ್ಕೆ ‘ಮಾವಳತ’, ನಮ್ಮ ಪಡು, ಪಡುವಣದ ಹಾಗೆಯೇ. ನಮ್ಮ ಎಳೆಬಿಸಿಲಿಗೆ ಅವರದು ‘ಕೋವಳ ಊನ್’, ಅದೇ ಎಳೆತನ, ಅದೇ ಮೃದು. ನನ್ನ ಮಕ್ಕಳು ಮಾತ್ರ ಈ ಎರಡನ್ನೂ ಬಿಟ್ಟು ‘ಸನ್ ಬಂತು’ ಅನ್ನುತ್ತಾರೆ. ‘ಹೊತ್ತು ಮೂಡಿತು’ ಅಂತ ಮನೆಯಲ್ಲಿ ನಾನೇ ಆಡುತ್ತಿದ್ದರೆ ಅವರಿಗೂ ಬರುತ್ತಿತ್ತು. ನೀನು ಕೂಸಿನ ಮುಂದೆ ದಿನಾ ಆಡು.

ಮುಂದಿನ ವಾರ ಮನೆ ನೋಡಲು ಹೋದಾಗ ಬ್ರೋಕರನನ್ನು ಬಿಟ್ಟು ಪಕ್ಕದ ಮನೆಯ ಆಜಿಯನ್ನು ಕೇಳು: ‘ಸಕಾಳಚ ಕೋವಳ ಊನ್ ಕುಠಲ್ಯಾ ಖೋಲೀತ ಯೇತ?’ ಬೆಳಗಿನ ಎಳೆಬಿಸಿಲು ಯಾವ ಕೋಣೆಗೆ ಬರುತ್ತದೆ ಅಂತ. ಚಳಿಗಾಲದಲ್ಲೂ ಬರುತ್ತದೆಯೇ, ಎಷ್ಟು ಗಂಟೆಯವರೆಗೆ ಇರುತ್ತದೆ ಅಂತಲೂ ಕೇಳು. ಅವರು ಬೆರಳು ಮಾಡಿದ ಕೋಣೆಯಲ್ಲಿ ತೊಟ್ಟಿಲಿಗೆ ಕೊಂಡಿ ಇದೆಯೇ ನೋಡಿಕೊಂಡು ಬಾ.