ಮೈಕ್ ಆನ್ ಆಗಿದ್ದ ಬೆಳಿಗ್ಗೆ

ಗುರುತು ಸಿಗದಿರಲೆಂದು ಊರು, ವಯಸ್ಸು, ಉದ್ಯೋಗದ ವಿವರಗಳನ್ನು ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಶ್ರೀನಿವಾಸಪುರದ ಕಡೆಯ ಹಳ್ಳಿಯಲ್ಲಿ ಮನೆಯಿಂದಲೇ ಬೆಂಗಳೂರಿನ ಕಚೇರಿಯೊಂದರ ಲೆಕ್ಕಪತ್ರ ನೋಡಿಕೊಳ್ಳುವ 34 ವರ್ಷದ ಮಹಿಳೆಯೊಬ್ಬರು ಆಪ್ತಸಲಹೆಗಾಗಿ ಕೋಲಾರದಲ್ಲಿ ನನ್ನನ್ನು ಕಾಣಲು ಬಂದರು. ಸೋಮವಾರದ ವಿಡಿಯೊ ಮೀಟಿಂಗ್ ನೆನೆದರೆ ಭಾನುವಾರ ಸಂಜೆಯಿಂದಲೇ ಹೊಟ್ಟೆ ತೊಳಸುತ್ತದೆ, ನಿದ್ದೆ ಹತ್ತುವುದಿಲ್ಲ, ಹೆಸರು ಹಿಡಿದು ಕರೆದರೆ ನೆಟ್‌ವರ್ಕ್ ಇಲ್ಲವೆಂದು ಸುಳ್ಳು ಹೇಳಿ ಹೊರಬಂದುಬಿಡುತ್ತೇನೆ ಎಂಬುದು ಅವರ ಅಳಲು. ಎರಡು ತಿಂಗಳಿಂದ ಕ್ಯಾಮೆರಾ ಆನ್ ಮಾಡಿರಲಿಲ್ಲ; ಮ್ಯಾನೇಜರ್ ಒಮ್ಮೆ ಎಚ್ಚರಿಸಿಯೂ ಇದ್ದರು.

ಮೊದಲ ಭೇಟಿಯಲ್ಲಿ ನಾನು ಎಡವಿದೆ. ತಂತ್ರಜ್ಞಾನದ ಅಂಜಿಕೆಯಿರಬೇಕೆಂದು ಊಹಿಸಿ, ಮೀಟಿಂಗ್‌ಗೆ ಸೇರುವ ಬಗೆಯನ್ನೆಲ್ಲ ವಿವರಿಸತೊಡಗಿದೆ. ಅವರು ಸೌಜನ್ಯದಿಂದ ತಲೆಯಾಡಿಸಿದರು. ಅದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಎರಡನೆಯ ಭೇಟಿಯಲ್ಲಿ, ಎದ್ದು ಹೊರಡುವ ಹೊತ್ತಿಗೆ, ನಡೆದದ್ದನ್ನು ಹೇಳಿದರು. ಮೀಟಿಂಗ್ ಮಧ್ಯೆ ಅತ್ತೆ ಅಡುಗೆಮನೆಯಿಂದ, ಟೊಮೆಟೊ ಬಾಕ್ಸ್ ಮಂಡಿಯಲ್ಲಿ ಎಷ್ಟಕ್ಕೆ ಹೋಯಿತೆಂದು ತೆಲುಗಿನಲ್ಲಿ ಕೂಗಿ ಕೇಳಿದ್ದರು. ಇವರೂ ತೆಲುಗಿನಲ್ಲೇ, ಸಿಡುಕುತ್ತಾ, ಗಾಡಿ ಬಾಡಿಗೆಗೂ ಗಿಟ್ಟಲಿಲ್ಲ ಎಂದಿದ್ದರು. ಮೈಕ್ ಆನ್ ಆಗಿತ್ತು. ಯಾರೋ ಇಬ್ಬರು ನಕ್ಕರು.

"ನನ್ನ ಸಿಡುಕಿಗೆ ನಕ್ಕರಾ, ಭಾಷೆಗೆ ನಕ್ಕರಾ, ನಮ್ಮ ಪರಿಸ್ಥಿತಿಗೆ ನಕ್ಕರಾ ಅಂತ ಇವತ್ತಿಗೂ ಗೊತ್ತಾಗಿಲ್ಲ ಮೇಡಂ" ಎಂದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತರು.

ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ ಎಂಬುದು ಈ ಸೀಮೆಯ ಎಷ್ಟೋ ಕುಟುಂಬಗಳ ರೂಢಿ. ಒಳಗಿನ ಮಾತು ಒಳಗೇ ಉಳಿಯುತ್ತದೆಂಬ ಭರವಸೆಯಲ್ಲಿ ಬದುಕಿದ್ದವರಿಗೆ, ಆ ಬೆಳಿಗ್ಗೆ ಹೊಸ್ತಿಲೇ ಇಲ್ಲವಾದಂತಾಗಿತ್ತು. ಆದ್ದರಿಂದ ವಿಡಿಯೊ ಕರೆಯ ರೀತಿನೀತಿಗಳನ್ನು ಆ ಹೊಸ್ತಿಲನ್ನು ಮತ್ತೆ ಕಟ್ಟಿಕೊಳ್ಳುವ ದಾರಿಯಾಗಿ ಅವರ ಮುಂದಿಟ್ಟೆ.

ಅವರ ಕಚೇರಿ ಬಳಸುವುದು ಜೂಮ್. ಅದರಲ್ಲಿ ಮ್ಯೂಟ್ ಆಗಿಯೇ ಒಳಹೋಗಿ, ಮಾತಾಡಬೇಕಾದಾಗ ಮಾತ್ರ ಸ್ಪೇಸ್‌ಬಾರ್ ಒತ್ತಿ ಹಿಡಿದರೆ ಅಷ್ಟು ಹೊತ್ತು ಮೈಕ್ ತೆರೆದಿರುತ್ತದೆ, ಬೆರಳು ತೆಗೆದರೆ ಮುಚ್ಚಿಕೊಳ್ಳುತ್ತದೆ. ಇಷ್ಟು ಚಿಕ್ಕ ಸಂಗತಿಗೆ ನಾವು ಅರ್ಧ ಗಂಟೆ ಕೊಟ್ಟೆವು. ಮುಚ್ಚುವುದು ತನ್ನ ಬೆರಳಿನಲ್ಲೇ ಇದೆಯೆಂಬುದು ಮೈಗೆ ತಿಳಿಯಬೇಕಿತ್ತು. ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದುದರಿಂದ ಮುಖ ಕಪ್ಪಾಗಿ ಕಾಣುತ್ತಿತ್ತು. ಮೇಜನ್ನು ತಿರುಗಿಸಿ, ಬೆಳಕು ಮುಖದ ಮೇಲೆ ಬೀಳುವಂತೆ, ಹಿಂದೆ ಬರಿಯ ಗೋಡೆ ಕಾಣುವಂತೆ ಕುಳಿತು, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಲು ಲ್ಯಾಪ್‌ಟಾಪ್ ಕೆಳಗೆ ಏನಾದರೂ ಇಡಿ ಎಂದೆ. ರಾಗಿಹಿಟ್ಟಿನ ಡಬ್ಬಿ ಅಳತೆಗೆ ಸರಿಯಾಯಿತಂತೆ. ತನ್ನ ಮುಖವನ್ನೇ ಪರದೆಯಲ್ಲಿ ನೋಡುತ್ತಿರುವುದು ವಿಡಿಯೊ ಕರೆಗಳ ಆಯಾಸಕ್ಕೆ ಒಂದು ಕಾರಣವೆಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆರೆಮಿ ಬೇಲೆನ್ಸನ್ 2021ರಲ್ಲಿ ವಾದಿಸಿದ್ದರು. ನಮ್ಮ ಚಿತ್ರ ನಮಗಷ್ಟೇ ಕಾಣದಂತೆ ಮರೆಮಾಡುವ ಆಯ್ಕೆ ಜೂಮ್‌ನಲ್ಲಿದೆ. ಅದನ್ನೂ ಬಳಸಲು ಸೂಚಿಸಿದೆ.

ಮೂರನೆಯ ಭೇಟಿಗೆ ಅತ್ತೆಯನ್ನೂ ಕರೆಸಿದೆ. ಹಿರಿಯರು ಹೇಳಿದ ಮಾತು ನನಗೆ ಹೊಳೆದೇ ಇರಲಿಲ್ಲ: ಸೊಸೆ ಕಿವಿಗೆ ಹೆಡ್‌ಫೋನ್ ಹಾಕಿ ಸುಮ್ಮನೆ ಕುಳಿತಿದ್ದರೆ, ಅಲ್ಲಿ ಹತ್ತು ಜನ ಸೇರಿದ್ದಾರೆಂದು ಮನೆಯವರಿಗೆ ಗೊತ್ತಾಗುವುದಾದರೂ ಹೇಗೆ? ಮೀಟಿಂಗ್ ಇರುವಾಗ ಬಾಗಿಲಿಗೆ ಕೆಂಪು ಟವೆಲ್ ಹಾಕುವುದೆಂದು ಅತ್ತೆ ಸೊಸೆ ಅಲ್ಲೇ ಮಾತಾಡಿಕೊಂಡರು.

ನೆಟ್‌ವರ್ಕಿನ ಸುಳ್ಳನ್ನು ಮಾತ್ರ ನಾನು ಬಿಗಿಯಾಗಿಯೇ ತಡೆದೆ. ಹೊರಬಂದಾಗಲೆಲ್ಲ ಸಿಗುವ ಆ ಕ್ಷಣದ ನಿರಾಳವೇ ಮುಂದಿನ ವಾರದ ಭಯಕ್ಕೆ ನೀರೆರೆಯುತ್ತದೆ. ನಿಜವಾಗಿಯೂ ಕರೆಂಟ್ ಹೋದರೆ (ಮಾವಿನ ಕಾಲದ ಗಾಳಿಮಳೆಗೆ ಅದು ಹೋಗುತ್ತಲೇ ಇರುತ್ತದೆ) ಚಾಟ್‌ನಲ್ಲಿ ಒಂದು ಸಾಲು ಬರೆದು ಫೋನಿನಿಂದ ಮತ್ತೆ ಸೇರಬೇಕು ಎಂದೆ. ಅಭ್ಯಾಸವನ್ನು ತಂಗಿಯೊಡನೆ ಹತ್ತು ನಿಮಿಷದ ವಿಡಿಯೊ ಕರೆಯಿಂದ ಆರಂಭಿಸಿ, ಮೂವರ ಕರೆಗೆ, ಆಮೇಲೆ ಸೋಮವಾರದ ಮೀಟಿಂಗಿನ ಮೊದಲ ಐದು ನಿಮಿಷಕ್ಕೆ ಏರಿಸಿದೆವು. ನಡುರಾತ್ರಿ ಎದೆಬಡಿತ ಹೆಚ್ಚಿ ಗಾಬರಿಯಾದರೆ ಹಗಲೂ ರಾತ್ರಿಯೂ ಸಿಗುವ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದೆ. ನಕ್ಕವರನ್ನೇ ಕೇಳಿಬಿಡಿ ಎಂಬ ಸಲಹೆಯನ್ನು ಅವರು ಒಪ್ಪಲಿಲ್ಲ; ನಾನೂ ಒತ್ತಾಯಿಸಲಿಲ್ಲ.

ಏಳನೆಯ ವಾರ ಇಪ್ಪತ್ತು ನಿಮಿಷ ಕ್ಯಾಮೆರಾ ಆನ್ ಇಟ್ಟಿದ್ದರು. ಲೆಕ್ಕ ಒಪ್ಪಿಸುತ್ತಿರುವಾಗ ಕುಕ್ಕರ್ ಕೂಗಿತಂತೆ. ಬೆರಳು ತೆಗೆದು, ಅದು ನಿಲ್ಲುವವರೆಗೆ ಕಾದು, ಮತ್ತೆ ಒತ್ತಿ ಮಾತು ಮುಂದುವರಿಸಿದರಂತೆ. ಭಾನುವಾರದ ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಇನ್ನೂ ಎರಡು ಭೇಟಿಗಳಿವೆ.